ಕಲ್ಲವ್ವನ ಕಾಲಿನ ಮೂರು ಹೊಲಿಗೆ

ಕಡಲೆ ಕೀಳುವ ಕಾಲ. ಅಬ್ಬಿಗೇರಿ ಕಡೆಯ ಟಂಟಂ ರಿಕ್ಷಾಗಳು ಆಳುಗಳನ್ನು ತುಂಬಿಕೊಂಡು ರೋಣದ ಬೀದಿ ದಾಟುತ್ತಿದ್ದವು. ನಾನು ಬಾಷಾಸಾಬರ ಅಂಗಡಿಯಲ್ಲಿ ಅಂಗಿಗೆ ಕಾಜ ಹಾಕುತ್ತಿದ್ದೆ. ಅವರು ಬಟ್ಟೆ ಹೊಲಿಯುವುದನ್ನೂ ಊರಿನ ಕಳವುಗಳ ಗಂಟು ಬಿಡಿಸುವುದನ್ನೂ ಇಪ್ಪತ್ತು ವರ್ಷ ಪಕ್ಕದಲ್ಲೇ ಕುಳಿತು ಕಂಡವನು ನಾನು.

ದವಾಖಾನೆಯ ಆಯಾ ಹಸನಬಿ ಓಡಿಬಂದಳು.

"ಚಾಚಾ, ನಾ ಮುಂಜಾನೆ ಬಂದು ಹಾಸಿಗಿ ಬದಲಿಸೀನಿ, ಅಷ್ಟ. ಅಸೂಟಿ ಕಲ್ಲವ್ವನ ಕಾಲ ಕೊಯ್ದು ಬೆಳ್ಳಿ ಕಡಗ ಕದ್ದೀ, ಕಳ್ಳಿ ಅಂತ ಅಕಿ ಮಗ ಸಂಗನಬಸವ ಮಂದಿ ಮುಂದ ಒದರ್ಯಾನ. ಮಧ್ಯಾಹ್ನ ಪೊಲೀಸ್ರಿಗೆ ಕೊಡ್ತಾರಂತ. ಡಾಕ್ಟ್ರು, ನರ್ಸಮ್ಮ ಗಜೇಂದ್ರಗಡಕ್ಕ ಹೋಗ್ಯಾರ, ಫೋನ್ ಹತ್ತವಲ್ದು."

ಇಬ್ಬರೂ ಅವಳ ಹಿಂದೆ ದವಾಖಾನೆಗೆ ಹೋದೆವು. ನಿನ್ನೆ ವಾಂತಿಭೇದಿಯಿಂದ ಎಚ್ಚರ ತಪ್ಪಿ ಬಂದಿದ್ದ ಕಲ್ಲವ್ವ ಈಗ ಎದ್ದು ಕುಳಿತಿದ್ದಳು. ಎರಡೂ ಕೈಗಳಲ್ಲಿ ಸೂಜಿ ಚುಚ್ಚಿದ ನೀಲಿ ಗುರುತುಗಳು. ಬಲಗಾಲಿನ ಒಳಗಂಟಿನ ಮುಂದೆ, ಕಡಗ ಕೂರುವಲ್ಲಿ, ಬೆರಳಗಲ ಗಾಯ, ಮೂರು ಹೊಲಿಗೆ. ಎಡಗಾಲಲ್ಲಿ ಕಡಗವಿತ್ತು. ಸಲೈನ್ ಕಂಬ ಮಂಚದ ಕಾಲಬದಿಗಿತ್ತು. ಬಾಷಾಸಾಬರು ಅವಳ ಬಲ ಹಿಮ್ಮಡಿಯನ್ನು ಬೆರಳಿಂದ ಒರೆಸಿ ಮೂಸಿದರು. ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿದರು.

"ನಿನ್ನಿ ಎಲ್ಲಿದ್ದಿ, ಸಂಗನಬಸವ?"

"ಹೊರಗ, ಟ್ರ್ಯಾಕ್ಟರ್ ಮ್ಯಾಲ. ಒಳಗ ಬಂದೇ ಇಲ್ರಿ."

ಹಸನಬಿಯನ್ನೂ ಕಲ್ಲವ್ವನ ಮಗಳು ಕಳಕವ್ವನನ್ನೂ ಮಂಚದ ಸುತ್ತ ಕರೆದು ನಿಲ್ಲಿಸಿದೆ.

"ಕಳ್ಳ ಕೊಯ್ದಮ್ಯಾಲ ಹೊಲಿಗಿ ಹಾಕ್ತಾನೇನು? ಅದೂ ಇಷ್ಟು ಚಂದ? ಇನ್ನೊಂದ ಕಡಗ ಬಿಟ್ಟು ಹೋಗ್ತಾನೇನು?" ಎಂದರು ಬಾಷಾಸಾಬರು. "ಮೈಯಾಗಿನ ನೀರೆಲ್ಲಾ ಹೋಗಿ ನರ ಬತ್ತಿದ್ವು. ಕೈಗೆ ಎಷ್ಟು ಚುಚ್ಚಿದ್ರೂ ಸೂಜಿ ಕೂಡ್ರಲಿಲ್ಲ. ಡಾಕ್ಟ್ರು ಕಾಲಿನ ಚರ್ಮ ಕೊಯ್ದು, ನರ ಹುಡುಕಿ, ಅದರಾಗ ನಳಿಗಿ ಇಳಿಸಿ ಜೀವಾ ಉಳಿಸ್ಯಾರ. ಇಲ್ಲಂದ್ರ ಸಲೈನ್ ಕಂಬಕ್ಕ ಕಾಲಬದಿ ಏನ್ ಕೆಲಸ?"

"ಮತ್ತ ಕಡಗ?" ಎಂದಳು ಕಳಕವ್ವ.

"ಕೊಯ್ಯೂ ಜಾಗಾಕ್ಕ ಅಡ್ಡ ಇತ್ತು. ಜಾರಿಸಾಕ ಗ್ರೀಸ್ ಹಚ್ಯಾರ. ಹಿಮ್ಮಡಿಗೆ ಇನ್ನೂ ಐತಿ. ದವಾಖಾನ್ಯಾಗ ಟ್ರ್ಯಾಕ್ಟರ್ ಗ್ರೀಸ್ ಯಾರು ತರಬೇಕ್ರಿ?"

ಎಲ್ಲರೂ ಸಂಗನಬಸವನ ಕಪ್ಪು ಉಗುರು ನೋಡಿದರು. ಅವನು ಒಳಜೇಬಿನಿಂದ ಕಡಗ ತೆಗೆದು ಹಾಸಿಗೆಯ ಮೇಲಿಟ್ಟ.

"ಡಾಕ್ಟ್ರು ತಗಿ ಅಂದ್ರು, ತಗದೆ. ಎರಡೂ ಅಕ್ಕಗ ಕೊಡ್ತೀನಿ ಅಂತಿದ್ಲು ಅವ್ವ. ಒಂದರೇ ನನಗಿರ್ಲಿ ಅಂತ..."

"ಹುಚ್ಚಪ್ಯಾಲಿ! ಆಯಾನ ಕಾಲ ಬೀಳು," ಎಂದಳು ಕಲ್ಲವ್ವ.

ಹಸನಬಿ ಹಿಂದೆ ಸರಿದಳು. "ಕಾಲ ಬ್ಯಾಡ. ಹೊರಗ ಮಂದಿ ಮುಂದ ಕಳ್ಳಿ ಅಂದೀ. ಅಲ್ಲೇ ನಿಂತು ಅಲ್ಲ ಅನ್ನು."

ಅವನು ಹೊರಗೆ ಹೋದ. ಮುಂಜಾನೆ ಕೇಳಿದವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಆದರೂ ಖಾಲಿ ಬೆಂಚಿನತ್ತ ತಿರುಗಿ ಬಾಯಿ ತೆರೆದ.

"ಈಗಲ್ಲೋ," ಎಂದಳು ಹಸನಬಿ. "ನಾಳಿ ಹತ್ತಕ್ಕ ಬಾ. ಮಂದಿ ಗದ್ದಲ ಇರತೈತಿ."