ನೆಟ್ಟಗಾದ ನಾಣ್ಯ

ಕೈ ಮತ್ತೆ ನಡುಗಿದರೆ ಏನು ಗತಿ? ಥರ್ಜಾಳಿಗೆ ಅದೊಂದೇ ಚಿಂತೆ. ನಾಲ್ಕು ಜನರೆದುರು ನಿಂತರೆ ಸಾಕು, ಬೆರಳುಗಳು ಅವಳ ಮಾತು ಕೇಳುತ್ತಿರಲಿಲ್ಲ. ಶಾಲಿನೊಳಗೆ ಕೈ ಅಡಗಿಸಿಕೊಂಡು ಜೊತೆ ಕೆಲಸದ ಮಹಲಾಳ ಹಿಂದೆಯೇ ಠಾಣೆಯ ಮೆಟ್ಟಿಲು ಹತ್ತಿದಳು. ದೂರು ಮಹಲಾಳದು. ಜೊತೆಗೆ ಬಂದವಳೇ ಕಳ್ಳಿ.

೧೮೬೧ರ ಅಕ್ಟೋಬರ್ ೧೪, ಸೋಮವಾರ. ಸಾರ್ಜೆಂಟ್ ಪ್ರೈಕ್ ದೂರು ಬರೆದುಕೊಂಡರು: ಬಗ್ಗಿಸಿದ, ಆರು ಪೆನ್ಸಿನ ಹಳೆಯ ಬೆಳ್ಳಿ ನಾಣ್ಯ ಒಂದು, ಇಬ್ಬರೂ ಇಸ್ತ್ರಿ ಮಾಡುವ ದೊಡ್ಡಮನೆಯ ಕೋಣೆಯಲ್ಲಿ, ಕೆಲಸದ ಹೊತ್ತು ಕತ್ತಿನಿಂದ ತೆಗೆದು ತೂಗುಹಾಕಿದ್ದ ಗೂಟದಿಂದ, ದಾರ ಸಮೇತ ಕಳವು.

"ಬಗ್ಗಿದ ನಾಣ್ಯ ಯಾವ ಅಂಗಡೀಲಿ ನಡೆಯುತ್ತಮ್ಮ?"

"ಅದು ದುಡ್ಡಲ್ಲ ಸಾಹೇಬ್ರೇ. ನಮ್ಮ ಈಬನ್ ಕೈಯಾರೆ ಬಗ್ಗಿಸಿ ಕೊಟ್ಟಿದ್ದು. ಇಟ್ಕೊಂಡೆ. ಅಂದ್ರೆ ಮದುವೆಗೆ ಒಪ್ಕೊಂಡ ಹಾಗೆ."

ಪೇದೆ ಗಾಡ್‌ಬಲ್ಡ್ ನಕ್ಕ. "ನಾನು ಬಗ್ಗಿಸಿ ಕೊಟ್ಟಿದ್ದನ್ನ ಇಬ್ರು ನೆಲಕ್ಕೆ ಎಸೆದ್ರು, ಒಲ್ಲೆ ಅಂತ. ಮೂರನೆಯವಳು ಇಟ್ಕೊಂಡ್ಳು. ಇವತ್ತಿಗೂ ಅನುಭವಿಸ್ತಿದೀನಿ!"

ಕೋಣೆಯನ್ನು ಹುಡುಕಿದಾಗ ಏನೂ ಸಿಗಲಿಲ್ಲ. ಆದರೆ ಮುಂದಿನ ಭಾನುವಾರ ಚರ್ಚಿನ ಕಾಣಿಕೆ ತಟ್ಟೆಗೆ ಆ ನಾಣ್ಯ ಬಂದು ಬಿತ್ತು, ಅಲ್ಲಿಂದ ಪ್ರೈಕ್ ಕೈ ಸೇರಿತು. ಯಾರೋ ಬಡಿದು ನೆಟ್ಟಗೆ ಮಾಡಿದ್ದರು. ಮಡಿಸಿದ ಕಡೆ ಎರಡು ಗೆರೆ ಉಳಿದಿದ್ದವು. ಸವೆದ ರಾಜನ ಕೆನ್ನೆಯ ಮೇಲೆ ಅರ್ಧಚಂದ್ರದಂಥ ಹೊಸ ಗಾಯ.

"ಇದು ಸುತ್ತಿಗೆ ಪೆಟ್ಟಲ್ಲ," ಎಂದರು ಪ್ರೈಕ್.

ದೊಡ್ಡಮನೆಗೆ ಹೋಗಿ, ಹುಡುಗಿಯರ ಇಸ್ತ್ರಿಗಳನ್ನೆಲ್ಲ ತರಿಸಿ, ಒಂದೊಂದರ ಮೂತಿಯನ್ನೂ ಒದ್ದೆ ಸಾಬೂನಿಗೆ ಒತ್ತಿ ನೋಡಿದರು. ಹಿಡಿಗೆ ನೀಲಿ ಬಟ್ಟೆ ಸುತ್ತಿದ್ದ ಇಸ್ತ್ರಿಯ ಮುರಿದ ತುದಿ ಸಾಬೂನಿನಲ್ಲಿ ಅದೇ ಅರ್ಧಚಂದ್ರ ಮೂಡಿಸಿತು.

"ಇದು ಯಾರದು?"

"ಥರ್ಜಾದು," ಎಂದಳು ಮಹಲಾ. ಅವಳ ದನಿ ಇದ್ದಕ್ಕಿದ್ದಂತೆ ಏರಿತು. "ಒಂದೇ ಹಾಸಿಗೇಲಿ ಮಲಗಿ ಹೀಗೆ ಮಾಡಿದ್ಯೇನೇ? ನಿನಗೆ ಯಾರೂ ಕೊಡಲ್ಲ ಅಂತ ಹೊಟ್ಟೆಕಿಚ್ಚಾ, ಮೂಗಿ ಥರ ಇದ್ಕೊಂಡು?"

ಗಾಡ್‌ಬಲ್ಡ್ ಥರ್ಜಾಳ ತೋಳು ಹಿಡಿದ. ಬಂಡಿ ಕೆಲಸದ ಈಬನ್ ಸುದ್ದಿ ಕೇಳಿ ಓಡಿಬಂದು ಬಾಗಿಲಲ್ಲಿ ನಿಂತಿದ್ದ.

"ಕದ್ದೆ ಸರಿ. ಬಡಿದದ್ದು ಯಾಕೆ?" ಪ್ರೈಕ್ ಕೇಳಿದರು.

ದಿನವೂ ಮಲಗುವಾಗ ಮಹಲಾ ಕತ್ತಿನ ನಾಣ್ಯಕ್ಕೆ ಮುತ್ತಿಡುತ್ತಿದ್ದಳು. ಥರ್ಜಾ ಗೋಡೆಯ ಕಡೆ ಹೊರಳಿ ಆ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದಳು. ನೆಟ್ಟಗಾದರೆ ಅದು ಬರೀ ದುಡ್ಡು, ಯಾರದೂ ಅಲ್ಲ. ಹಾಗೆಂದು ಹೇಳಬಹುದಿತ್ತು. ಅವಳು ಸಾರ್ಜೆಂಟರನ್ನು ಬಿಟ್ಟು ಬಾಗಿಲ ಕಡೆ ತಿರುಗಿದಳು.

"ಮೊದಲು ನೀನು ನಂಗೇ ಕೊಟ್ಟಿದ್ದೆ, ಎಲ್ಲರೆದುರೂ, ಈಬನ್," ಎಂದಳು. "ನಾನು ಎಸೀಲಿಲ್ಲ ಕಣೋ. ಕೈ ನಡುಗಿ ಬಿತ್ತು."