ನೀಲಿ ಫೇಟಾ ಯಾರದು

ನಿಪ್ಪಾಣಿ–ಚಿಕ್ಕೋಡಿ ಬಸ್ಸಿನ ಕಂಡಕ್ಟರ್ ಕಾಂಚನಾಳಿಗೆ ಈ ಲೋಕದಲ್ಲಿ ಹಿಡಿಸದ ಸಂಗತಿಗಳು ಬಹಳ. ಚಿಲ್ಲರೆ ಇಲ್ಲದವರು, ಬಾಗಿಲಲ್ಲಿ ಜೋತು ಬೀಳುವವರು, ಕನಿಕರ ತೋರಿಸುವವರು. ಆದರೆ ಈ ಚಳಿಗಾಲದಲ್ಲಿ ಅವಳ ತಿರಸ್ಕಾರದ ಮುಕ್ಕಾಲು ಪಾಲು ಒಂದು ಸಿನಿಮಾಕ್ಕೆ ಮೀಸಲಾಗಿತ್ತು.

ಅದು ‘ಗದ್ದಲ’ ಎಂಬ ರಾಕ್ ಬ್ಯಾಂಡಿನ ಕಥೆ, ಅದಕ್ಕಿಂತ ಹೆಚ್ಚಾಗಿ ಅದರ ಹಾಡುಗಾರ ಸಂಭಾಜಿಯ ಕಥೆ. ಹದಿನೇಳು ವರ್ಷದ ಹಿಂದೆ ಕೊಗನೊಳ್ಳಿಯ ಲಗ್ನಗಳಲ್ಲಿ ಬ್ಯಾಂಜೊ ಪಾರ್ಟಿ ನಡೆಸುತ್ತಿದ್ದ ನಾಲ್ಕು ಹುಡುಗರಲ್ಲಿ ಮೂವರು ಪುಣೆಗೆ ಹೋಗಿ, ಕನ್ನಡ ಮರಾಠಿ ಎರಡನ್ನೂ ಕಲಸಿ ಕಿರುಚಿ, ದೇಶವೆಲ್ಲ ಹೆಸರು ಮಾಡಿದರು. ನಾಲ್ಕನೆಯವನು, ಡ್ರಮ್ ಬಾರಿಸುವ ಸುಮೇಧ, ನಿಪ್ಪಾಣಿಯಲ್ಲಿ ಸ್ಪೀಕರ್ ರಿಪೇರಿ ಅಂಗಡಿ ಹಾಕಿಕೊಂಡು ಕುಳಿತ. ಜೀವನಚರಿತ್ರೆ ಎಂದರೆ ಸತ್ತವರದು ಎಂದು ಕಾಂಚನಾ ತಿಳಿದಿದ್ದಳು. ಸಂಭಾಜಿ ಗಟ್ಟಿಮುಟ್ಟಾಗಿ ಬದುಕಿದ್ದ, ತನ್ನ ಕಥೆಯನ್ನು ತಾನೇ ಹೇಳಿ ಬರೆಸಿದ್ದ.

ಶೂಟಿಂಗಿನವರು ಅವಳ ಊರಾದ ಕೊಗನೊಳ್ಳಿಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಅದು ಕೊಗನೊಳ್ಳಿಯ ಹಾಗೆ ಕಾಣದಂತೆ ಮಾಡಿದ್ದು. ಸಿಮೆಂಟಿನ ಗೋಡೆಗಳಿಗೆ ಸೆಗಣಿಯ ಬಣ್ಣ ಬಳಿದರು. ಇಲ್ಲಿ ನೆಲದ ಮೇಲೆ ಹರವಿ ಒಣಗಿಸುವ ತಂಬಾಕನ್ನು ದಾರಕ್ಕೆ ಕಟ್ಟಿ ತೋರಣದಂತೆ ತೂಗಿಬಿಟ್ಟರು, ಅದೂ ಪ್ಲಾಸ್ಟಿಕ್ಕಿನದು. ಸಂಭಾಜಿಯಾಗಲು ಬಂದಿದ್ದ ಹೀರೋನ ತೋಳು ನೋಡಿ ಊರ ಹೆಂಗಸರು ನಕ್ಕಿದ್ದರು. ಅಸಲಿ ಸಂಭಾಜಿ ಎರಡು ಕೊಡ ನೀರು ಹೊತ್ತರೆ ಮೂರು ದಿನ ಮಲಗುತ್ತಿದ್ದ.

ಇಷ್ಟನ್ನೂ ಅವಳು ಸಹಿಸುತ್ತಿದ್ದಳೇನೋ. ಸಹಿಸಲಾಗದ್ದು ಸುಮೇಧನ ವಿಷಯ. ಸಿನಿಮಾದಲ್ಲಿ ಡ್ರಮ್ಮಿನವನನ್ನು ಕುಡುಕನನ್ನಾಗಿ, ನಗಿಸುವ ಕೋಡಂಗಿಯನ್ನಾಗಿ ಮಾಡಿದ್ದರು. ಆ ಕೋಡಂಗಿಯ ವೇಷದವನಿಗೆ ಡ್ರಮ್ ಹಿಡಿಯಲು ಕಲಿಸುವ ಕೆಲಸಕ್ಕೆ ಸುಮೇಧನೇ ಹೋಗುತ್ತಿದ್ದ. ಮಾನ ಮರ್ಯಾದೆ ಬಿಟ್ಟವನು ಎಂದು ಅವಳು ಮನಸ್ಸಿನಲ್ಲೇ ನೂರು ಸಲ ಬೈದಿದ್ದಳು. ನೂರು ಸಲ ಬೈಯಲು ನೂರು ಸಲ ಅವನನ್ನು ನೆನೆಯಬೇಕಾಗಿತ್ತು ಎಂಬುದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಆ ದಿನ ಹನ್ನೊಂದರ ಬಸ್ಸಿಗೆ ಸುಮೇಧನೇ ಹತ್ತಿ ಬಂದ.

“ಚಿಕ್ಕೋಡಿ ಒಂದು.”

“ಯಾಕ್ರಿ ಸಾಹೇಬ್ರ, ಸಿನಿಮಾದವರ ಕಾರ್ ಇಲ್ಲೇನ್ರಿ ಇವತ್ತ?”

“ಕಾರಿನಾಗ ಕಂಡಕ್ಟರ್ ಇರೂದಿಲ್ಲಲ.”

ಅವಳು ಟಿಕೆಟ್ ಮಷಿನ್ ಒತ್ತುವ ನೆಪದಲ್ಲಿ ತಲೆ ತಗ್ಗಿಸಿದಳು. ಮೂವತ್ತೇಳರ ಗಂಡಸಿಗೆ ಕೆನ್ನೆಯಲ್ಲಿ ಇನ್ನೂ ಗುಳಿ ಬೀಳುವುದು ಅನ್ಯಾಯ ಎನ್ನಿಸಿತು. ಟಿಕೆಟ್ ಕೊಡುವಾಗ ಅವನ ಬೆರಳುಗಳು ಮುಂದಿನ ಸೀಟಿನ ಕಂಬಿಯ ಮೇಲೆ ತಾಳ ಹಾಕುತ್ತಿದ್ದವು. ಆ ಬೆರಳುಗಳಿಗೆ ಸುಮ್ಮನಿರುವುದು ಎಂದೂ ಗೊತ್ತಿರಲಿಲ್ಲ.

ಅವನು ಅಂಗಿಯ ಕಿಸೆಯಿಂದ ಮಡಚಿದ ಕಾಗದ ತೆಗೆದು ಕೊಟ್ಟ. “ಡೈರೆಕ್ಟರ್ ಕಳಿಸ್ಯಾರ. ನಿನ್ನ ಸೈನ್ ಬೇಕಂತ.”

ಕಾಂಚನಾ ನಿಂತಲ್ಲೇ ಓದಿದಳು. ಸಂಭಾಜಿಯ ಯೌವನದ ಪ್ರೇಮವನ್ನು ತೆರೆಯ ಮೇಲೆ ತರಲು, ಅವಳ ಅಕ್ಕನ ಲಗ್ನದ ದಿನ ಅವಳು ತನ್ನ ಕೈಯಾರೆ ಅವನ ತಲೆಗೆ ಫೇಟಾ ಕಟ್ಟಿದ ದೃಶ್ಯವನ್ನು ತೋರಿಸಲು, ಅವಳ ಹೆಸರನ್ನೇ ಬಳಸಲು ಅವಳ ಅಭ್ಯಂತರವಿಲ್ಲ ಎಂದು ಅದರಲ್ಲಿತ್ತು.

“ಕೋರ್ಟಿನ ಕಾಗದ ಏನವ್ವಾ?” ಮುಂದಿನ ಸೀಟಿನಲ್ಲಿ ಆಧಾರ್ ಕಾರ್ಡ್ ಹಿಡಿದು ಕುಳಿತಿದ್ದ ಏಕಸಂಬಿಯ ಮುದುಕಿ ಸತ್ತೆವ್ವ ಕೇಳಿದಳು.

“ಕೋರ್ಟಿನದಾಗಿದ್ರ ಛಲೋ ಇತ್ತಬೇ. ಅಲ್ಲಿ ಸುಳ್ಳ ಹೇಳಿದ್ರ ಶಿಕ್ಷಾ ಆಗ್ತೈತಿ.”

ಚಿಕ್ಕೋಡಿ ಮುಟ್ಟುವತನಕ ಅವಳು ಅವನ ಕಡೆ ನೋಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಜನ ಇಳಿದರು. ಡ್ರೈವರ್ ಅಪ್ಪಾಸಾಬ ಚಹಾಕ್ಕೆ ಹೋದ. ಸುಮೇಧ ಇಳಿಯಲಿಲ್ಲ. ಖಾಲಿ ಬಸ್ಸಿನಲ್ಲಿ ಅವಳು ಅವನ ಎದುರಿನ ಸೀಟಿಗೆ ಒರಗಿ ನಿಂತಳು.

“ಇದನ್ನ ನೀ ಓದಿಯೇನು?”

“ಓದೀನಿ.”

“ಓದಿ ನನ್ನ ಕಡೆ ತಂದಿ?”

“ಖರೆ ಐತೆಲ್ಲ, ಅದಕ್ಕ ತಂದೆ. ಫೇಟಾ ನೀನ ಕೊಟ್ಟಿದ್ದಿ. ನೀ ಕಟ್ಟಲಿಲ್ಲ, ಅಂವನ ಸುತಗೊಂಡ. ಅಷ್ಟ ಫರಕ್.”

ಅವನ ದನಿಯಲ್ಲಿ ಒಂದಿಷ್ಟು ಕಹಿಯಾದರೂ ಇದ್ದಿದ್ದರೆ ಅವಳು ಕ್ಷಮಿಸುತ್ತಿದ್ದಳು. ಅವನು ಬಸ್ಸಿನ ಟೈಮ್ ಹೇಳುವಂತೆ ಹೇಳಿದ. ಅವಳಿಗೆ ಮೈ ಉರಿಯಿತು.

ಅಕ್ಕನ ಲಗ್ನದಲ್ಲಿ ಆಯೇರಿಯನ್ನು ಮೈಕಿನಲ್ಲಿ ಓದಿದ್ದರು. ಈ ಕಡೆ ಉಡುಗೊರೆ ಕೊಟ್ಟವರ ಹೆಸರು, ಪಡೆದವರ ಹೆಸರು ಎರಡನ್ನೂ ಊರಿಗೆಲ್ಲ ಕೇಳುವಂತೆ ಕೂಗುವುದು ಪದ್ಧತಿ. ಲಗ್ನವಾಗದ ಹುಡುಗಿಯ ಹೆಸರಿನ ಜೊತೆ ಒಬ್ಬ ಹುಡುಗನ ಹೆಸರು ಮೈಕಿನಲ್ಲಿ ಬಂದರೆ ಊರಿಗೆ ಒಂದು ವರ್ಷ ಬೇರೆ ಮಾತೇ ಬೇಕಾಗುವುದಿಲ್ಲ. ಅದಕ್ಕೇ ಇಪ್ಪತ್ತರ ಕಾಂಚನಾ ಫೇಟಾದ ಮೇಲಿನ ಚೀಟಿಯಲ್ಲಿ ‘ಬ್ಯಾಂಜೊ ಪಾರ್ಟಿಗೆ’ ಎಂದಷ್ಟೇ ಬರೆದಳು. ಮೈಕ್ ಹಿಡಿದವನು ಸಂಭಾಜಿ. ತಾನೇ ಓದಿದ, ತಾನೇ ತಲೆಗೆ ಸುತ್ತಿಕೊಂಡ. ಆಮೇಲೆ ಅದನ್ನು ಇಳಿಸಲೇ ಇಲ್ಲ. ಪುಣೆಯ ಪೋಸ್ಟರುಗಳಲ್ಲೂ ಅದೇ ಫೇಟಾ, ಅದರ ಹಿಂದೆ ಒಬ್ಬ ಹುಡುಗಿ ಇದ್ದಾಳೆಂಬ ಅವನದೇ ಕಟ್ಟುಕಥೆ.

ಊರು ನಂಬಿತು. ಕಾಂಚನಾ ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುತ್ತ, ಬಂದ ಗಂಡುಗಳನ್ನೆಲ್ಲ ತಿರುಗಿ ಕಳಿಸಿದಾಗ ಇನ್ನಷ್ಟು ನಂಬಿತು. ಯಾರು ಬೇಕಾದರೂ ನಂಬಲಿ, ಈ ಒಬ್ಬ ನಂಬಬಾರದಾಗಿತ್ತು.

“ಆ ಫೇಟಾ ಯಾವ ಬಣ್ಣದ್ದಿತ್ತು, ಸುಮೇಧ?”

“ನೀಲಿ.”

“ಸಿನಿಮಾದಾಗ?”

“ಕೆಂಪ ಮಾಡ್ಯಾರ. ನೀಲಿ ಕ್ಯಾಮೆರಾದಾಗ ಎದ್ದ ಕಾಣೂದಿಲ್ಲಂತ.”

“ಕ್ಯಾಮೆರಾಕ ಕಾಣೂದಿಲ್ಲ, ಅದು ಯಂತ್ರ. ನಿನಗೂ ಕಾಣಲಿಲ್ಲೇನು?” ಅವಳ ದನಿ ಏರಿತು. “ಸಂಭಾಜಿ ಮನ್ಯಾಗ ಯಾರರೆ ನೀಲಿ ಫೇಟಾ ಸುತ್ತಿದ್ದ ನೋಡಿಯೇನು? ಏಪ್ರಿಲ್ ಹದಿನಾಲ್ಕರ ಜಯಂತಿ ಮೆರವಣಿಗ್ಯಾಗ ನೀಲಿ ಫೇಟಾ ಸುತ್ತಿ ಹಲಗಿ ಬಾರಸಾಂವ ನಮ್ಮ ಓಣ್ಯಾಗ ಒಬ್ಬನ ಇದ್ದ. ನಾಕ ವರ್ಷ ಕಟ್ಟಿ ಮ್ಯಾಲ ನಿಂತ ಅಂವನ್ನ ನೋಡೀನಿ. ಅಂವ ಒಂದ ಸಲ ತಲಿ ಎತ್ತಿ ನೋಡಿದ್ರ ಹದಿನೇಳ ವರ್ಷ ಉಳೀತಿದ್ದು.”

ಕಂಬಿಯ ಮೇಲಿನ ತಾಳ ನಿಂತಿತು. ಸುಮೇಧ ತನ್ನ ಕೈಗಳನ್ನು ನೋಡಿಕೊಂಡ, ಆಮೇಲೆ ಅವಳನ್ನು ನೋಡಿದ. ಆ ನೋಟ ಅವಳ ಖಾಕಿ ಅಂಗಿ, ನೆರೆತ ಎರಡು ಕೂದಲು, ಕೊರಳಿನ ಬ್ಯಾಗು ಎಲ್ಲವನ್ನೂ ನಿಧಾನವಾಗಿ ದಾಟಿ ಕಣ್ಣಿನಲ್ಲಿ ಬಂದು ನಿಂತಿತು. ಅವಳಿಗೆ ಬೇರೆ ಕಡೆ ನೋಡಬೇಕೆನ್ನಿಸಿತು, ಆದರೆ ನೋಡಲಿಲ್ಲ.

“ನಾ ಪುಣೆಗೆ ಯಾಕ ಹೋಗಲಿಲ್ಲ, ಗೊತ್ತೇನು?” ಅಂದ.

“ಅಂಜಬುರಕ, ಅದಕ್ಕ.”

“ಹೌದು. ದಿನಾ ಅಂವನ ತಲಿ ಮ್ಯಾಲ ಅದನ್ನ ನೋಡೂದು ನನ್ನಿಂದ ಆಗ್ತಿರಲಿಲ್ಲ.”

ಅವಳಲ್ಲಿ ಸಿಟ್ಟು ಇನ್ನೂ ಉಳಿದಿತ್ತು. “ಮತ್ತ ಈ ಸಿನಿಮಾದವರ ಹಿಂದ ಯಾಕ ತಿರಗಾಕತ್ತಿ? ನಿನ್ನ ಕುಡುಕನ್ನ ಮಾಡ್ಯಾರ. ಚಾ ಬಿಟ್ಟ ಬ್ಯಾರೆ ಏನರೆ ಕುಡದಿಯೇನು ನೀ ಹುಟ್ಟಿದಾಗಿಂದ?”

“ನಿನ್ನ ಪಾತ್ರ ಐತಿ ಅಂತ ಕೇಳಿದ್ದೆ. ಏನ ಬರದಾರ ನೋಡೂಣು ಅಂತ ಹೋದೆ. ನೀ ತೊಯ್ದ ಸೀರ್ಯಾಗ ಹೊಳಿ ದಂಡಿಗುಂಟ ಅಂವನ ಹಿಂದ ಓಡೂದ ಬರದಿದ್ರು.” ಹೇಳಲು ಅವನಿಗೆ ನಾಚಿಕೆಯಾಯಿತು. “ಅದನ್ನೂ ತಗೀರಿ, ಕುಡುಕಂದೂ ತಗೀರಿ ಅಂದೆ. ಒಂದ ತಗೀತೀವಿ, ಯಾವ್ದ ಬೇಕು ಹೇಳು ಅಂದ್ರು.”

ಕಾಂಚನಾ ಕಿಟಕಿಯ ಕಡೆ ತಿರುಗಿದಳು. ಬಸ್ ಸ್ಟ್ಯಾಂಡಿನ ಜಾಹೀರಾತುಗಳೆಲ್ಲ ಕಣ್ಣಿಗೆ ಕಲಸಿಹೋದವು. ಅಳು ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ತಿರಸ್ಕಾರ ಬಂತು, ಆದರೂ ಅಳು ನಿಲ್ಲಲಿಲ್ಲ. ಹದಿನೇಳು ವರ್ಷ ಇವನನ್ನು ಹೇಡಿ ಎಂದುಕೊಂಡೇ ಪ್ರೀತಿಸಿದ್ದಳು. ಅವನಿಗಿಂತ ತಾನೇನು ದೊಡ್ಡ ಧೈರ್ಯವಂತೆ ಎಂದು ಇವತ್ತು ಮೊದಲ ಸಲ ಅನ್ನಿಸಿತು.

ಹಿಂದೆ ಸುಮೇಧ ಫೋನಿನಲ್ಲಿ ಮಾತಾಡುತ್ತಿದ್ದ. “ಸೈನ್ ಮಾಡೂದಿಲ್ರಿ ಆಕಿ. ಖರೆ ಅಲ್ರಿ ಅದು. ಹೌದ್ರಿ, ನನಗೂ ಈಗ ತಿಳೀತು. ನಾಳಿಂದ ನಾನೂ ಬರೂದಿಲ್ರಿ.”

ಫೋನ್ ಇಟ್ಟು ಕೇಳಿದ. “ನಿನಗ ರಜಾ ಯಾವತ್ತು?”

“ಗುರುವಾರ. ಯಾಕ?”

“ಅವ್ವನ್ನ ಕರಕೊಂಡ ನಿಮ್ಮನಿಗೆ ಬರ್ಲೇನು?”

“ಈ ವಯಸ್ಸಿಗೂ ಅವ್ವನ್ನ ಮುಂದ ಮಾಡಕೊಂಡ ಬರ್ತೀಯಲ್ಲೋ.”

“ನಾ ಒಬ್ಬನ ಬಂದ್ರ ನೀ ಬೈದ ಕಳಸ್ತಿ. ಅವ್ವನ ಮುಂದ ಸ್ವಲ್ಪ ಕಡಿಮಿ ಬೈತಿ.”

ಅವಳಿಗೆ ನಗು ತಡೆಯಲಾಗಲಿಲ್ಲ. ಅಪ್ಪಾಸಾಬ ಬಂದು ಗಾಡಿ ಚಾಲೂ ಮಾಡಿದ. ಅವಳು ಕಣ್ಣೊರೆಸಿಕೊಂಡು, ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಸುಮೇಧನ ಕಿಸೆಯಲ್ಲಿ ಇಟ್ಟಳು. ಇಟ್ಟ ಕೈಯನ್ನು ಅವನು ಅಲ್ಲೇ ಹಿಡಿದುಕೊಂಡ, ಮೊದಲ ಪ್ಯಾಸೆಂಜರ್ ಮೆಟ್ಟಿಲು ಹತ್ತುವತನಕ.

ಆ ವರ್ಷ ಮಳೆಗಾಲ ಮುಗಿದಾಗ ಸಿನಿಮಾ ಬಿಡುಗಡೆಯಾಯಿತು. ಕಾಂಚನಾ ಮತ್ತು ಸುಮೇಧ ನಿಪ್ಪಾಣಿಯ ಟಾಕೀಜಿನಲ್ಲಿ ಎರಡನೆಯ ದಿನದ ಮ್ಯಾಟಿನಿಗೆ ಹೋದರು, ನಗುವುದಕ್ಕೆಂದೇ. ಅವಳು ಸೈನ್ ಮಾಡದ ಕಾರಣ ಹುಡುಗಿಯ ಹೆಸರು ಚಂದ್ರಾ ಆಗಿತ್ತು. ಆದರೆ ಚಂದ್ರಾ ಯಾರು ಎಂಬುದು ಟಾಕೀಜಿಗೆಲ್ಲ ಗೊತ್ತಿದ್ದಂತಿತ್ತು. ಹೀರೋ ಕೆಂಪು ಫೇಟಾ ಸುತ್ತಿ ಅಂಗಿ ಕಳಚುತ್ತಿದ್ದ. ಯಾವ ದುಃಖ ಬಂದರೂ ಅವನು ಮೊದಲು ಅಂಗಿಯನ್ನೇ ಕಳಚುತ್ತಿದ್ದ. ಕಾಂಚನಾ ಅವನನ್ನು, ಪ್ಲಾಸ್ಟಿಕ್ ತಂಬಾಕನ್ನು, ವೇದಗಂಗೆಯ ದಂಡೆಯಲ್ಲಿ ಒಂಟಿಯಾಗಿ ನಿಂತು ಜೀವಮಾನವಿಡೀ ಕಾಯುವ ಚಂದ್ರಾಳನ್ನು ಬೈಯುತ್ತ ಶೇಂಗಾ ತಿನ್ನುತ್ತಿದ್ದಳು.

ಹಿಂದಿನ ಸಾಲಿನ ಹೆಂಗಸು ಮೂಗೊರೆಸಿಕೊಂಡಳು. “ಪಾಪ, ಆ ಹುಡುಗಿ ಕೊಗನೊಳ್ಳ್ಯಾಕಿ ಅಂತ. ಇನ್ನೂ ಲಗ್ನ ಆಗಿಲ್ಲಂತ.”

“ಆಗೇತ್ರಿ,” ಕಾಂಚನಾ ತಿರುಗಿ ಹೇಳಿದಳು. “ಆರ ತಿಂಗಳಾತು.”

“ಯಾರ ಜೋಡಿ?”

“ಡ್ರಮ್ ಬಾರಸ್ತಿದ್ನಲ್ರಿ, ಅಂವನ ಜೋಡಿ.”

ಆಗಲೇ ತೆರೆಯ ಮೇಲೆ ಡ್ರಮ್ಮಿನವನು ಬಾಟ್ಲಿ ಹಿಡಿದು ಸ್ಟೇಜಿನಿಂದ ಉರುಳಿ ಬಿದ್ದ. ಟಾಕೀಜು ಹೋ ಎಂದು ನಕ್ಕಿತು. ಹೆಂಗಸೂ ನಕ್ಕಳು. “ಅಯ್ಯ, ಈ ಕುಡುಕನ ಜೋಡಿಯೇನು?”

ಸುಮೇಧನೂ ನಗುತ್ತಿದ್ದ, ಅವನಿಗೆ ಅದು ರೂಢಿಯಾಗಿತ್ತು. ಆದರೆ ಕಾಂಚನಾಳ ಕೈಯಲ್ಲಿದ್ದ ಶೇಂಗಾ ನೆಲಕ್ಕೆ ಚೆಲ್ಲಿತು. ಅವಳು ಎದ್ದು ನಿಂತಳು. ಪ್ರೊಜೆಕ್ಟರಿನ ಬೆಳಕಿಗೆ ಅವಳ ತಲೆಯ ನೆರಳು ತೆರೆಯ ಮೇಲೆ ಬಿತ್ತು, ಜನ ಕೂಗಾಡಿದರು. ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವ ದನಿ ಅವಳದು.

“ಕುಡುಕ ಅಲ್ರಿ ಅಂವ. ಚಾ ಬಿಟ್ಟ ಏನೂ ಕುಡಿಯಂಗಿಲ್ಲ. ನಿಮ್ಮ ಸಂಭಾಜಿಗೆ ತಾಳ ಕಲಿಸಿದಾಂವ ಅಂವ. ಸುಮೇಧ ಅಂತ ಹೆಸರು. ನನ್ನ ಗಂಡ.”

ಸಾಲು ಸಾಲಿನ ತಲೆಗಳು ಅವಳ ಕಡೆ ತಿರುಗಿದವು. ಸುಮೇಧ ಅವಳ ಸೆರಗು ಹಿಡಿದು ಜಗ್ಗಿದ. “ಕುಂಡ್ರ ಕಾಂಚನಾ, ಎಲ್ಲಾರೂ ನಮ್ಮನ್ನ ನೋಡಾಕತ್ತಾರ.”

“ನೋಡ್ಲಿ,” ಅಂದಳು ಅವಳು, ಮತ್ತು ನಿಂತೇ ಇದ್ದಳು.