ಸರಪಳಿ ಸುತ್ತಿದ ಅಡೆಗಲ್ಲು

"ಆ ನೀಲಿ ಬಣ್ಣದ್ದು ಬೇಡ. ಅದು ಮೋಸ."

ಹಿಂದಿನಿಂದ ಬಂದ ದನಿಗೆ ಅವಳ ಕೈ ಅಲ್ಲೇ ನಿಂತಿತು. ಒಂದು ವರ್ಷದಿಂದ ಕೇಳದ ದನಿ... ಇನ್ನೆಂದೂ ಕೇಳಬಾರದು ಅಂದುಕೊಂಡಿದ್ದ ದನಿ!

ಹಳೇ ಕಬ್ಬಿಣದ ಅಂಗಡಿಯಲ್ಲಿ ಇವನಿಗೇನು ಕೆಲಸ?

ಅಪ್ಪನ ಕುಲುಮೆಯಲ್ಲಿ ಎಂಟು ವರ್ಷ ಸುತ್ತಿಗೆ ಹಿಡಿದ ಶಿಷ್ಯ. ಮಾತಾಡಿದರೆ ಮುತ್ತು ಉದುರೀತು ಎಂಬಂತಿದ್ದವನಿಗೆ 'ಮೌನಿ' ಎಂದು ಹೆಸರಿಟ್ಟವಳು ಅವಳೇ. ಅಪ್ಪ ಎದೆ ಹಿಡಿದುಕೊಂಡು ಕುಸಿದಾಗ ಇವನು ಇದ್ದಿಲು ತರಲು ಹೋಗಿದ್ದ. ಕಳಿಸಿದ್ದು ಅಪ್ಪನೇ. ಅದು ಗೊತ್ತಿದ್ದೂ, "ಇನ್ನು ನಿನ್ನ ಮುಖ ತೋರಿಸಬೇಡ" ಎಂದು ಕೂಗಿದ್ದಳು. ಎರಡು ದಿನಕ್ಕೆ ಅಪ್ಪ ಆಸ್ಪತ್ರೆಯಲ್ಲೇ ತೀರಿಕೊಂಡ.

"ಕಬ್ಬಿಣ ಇಟ್ಟು ಬಡಿಯೋದು ಕಲಿಯೋಕೆ ಚಿಕ್ಕದೊಂದು ಅಡೆಗಲ್ಲು ಬೇಕು. ನನ್ನ ದುಡ್ಡಿಗೆ ಸಿಗೋದು ಇದೊಂದೇ," ಎಂದಳು, ಮುಖ ನೋಡದೆ.

ಅವನು ಜೇಬಿನಿಂದ ಗೋಲಿಯಷ್ಟು ಉಕ್ಕಿನ ಗುಂಡು ತೆಗೆದು ನೀಲಿ ಅಡೆಗಲ್ಲಿನ ಮೇಲೆ ಬೀಳಿಸಿದ. ಧಬ್! ಗುಂಡು ಪುಟಿಯಲೇ ಇಲ್ಲ.

"ಬೀಡು ಕಬ್ಬಿಣ. ಪೆಟ್ಟೆಲ್ಲ ನುಂಗಿಬಿಡುತ್ತೆ. ನಿಮ್ಮ ಕೈ ಸೋಲುತ್ತೆ ಅಷ್ಟೇ."

ಮೊಳದುದ್ದದ ಹಳೇ ರೈಲು ಹಳಿಯ ತುಂಡನ್ನು ಎಳೆದು ಅದರ ಮೇಲೂ ಬೀಳಿಸಿದ. ಗುಂಡು ಚಂಗನೆ ಅವನ ಕೈಯತ್ತ ಹಾರಿತು.

"ಇದು ತಗೊಳ್ಳಿ. ಅರ್ಧ ದುಡ್ಡು ಸಾಕು. ಈಗ ಈ ಅಂಗಡಿ ನೋಡಿಕೊಳ್ಳೋದು ನಾನೇ."

"ಗುಜರೀನ ನನ್ನ ತಲೆಗೆ ಕಟ್ತಿದ್ದೀಯಾ?"

ಸಿಟ್ಟಿನಿಂದ ತಿರುಗಿದವಳಿಗೆ ಮೂಲೆಯಲ್ಲೊಂದು ದೊಡ್ಡ ಅಡೆಗಲ್ಲು ಕಂಡಿತು. ಸುತ್ತಲೂ ದಪ್ಪ ಸರಪಳಿ. ಪಕ್ಕದಲ್ಲಿದ್ದ ಸುತ್ತಿಗೆಯಿಂದ ತಟ್ಟಿದಳು. ಟಪ್!

"ಇದೂ ಸತ್ತದ್ದೇ!"

"ಅದು... ಅದು ಮಾರೋದಲ್ಲ!" ಅವನು ಓಡಿಬಂದ.

ಅಷ್ಟರಲ್ಲಿ ಅವಳ ಬೆರಳು ಒಡೆದ ಅಂಚಿನಲ್ಲಿ ಕೂತಿತ್ತು. ಏಳನೇ ವಯಸ್ಸಿನಲ್ಲಿ ಅಪ್ಪನ ದೊಡ್ಡ ಸುತ್ತಿಗೆ ಎತ್ತಲು ಹೋಗಿ ಅವಳೇ ಒಡೆದ ಅಂಚು! ಇದು ಅಪ್ಪನ ಅಡೆಗಲ್ಲೇ!

ಅಪ್ಪ ಹೋದ ಮೇಲೆ ಪ್ರತಿ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಮನೆ ಪಕ್ಕದ ಬೀಗ ಹಾಕಿದ ಕುಲುಮೆಯಿಂದ ಸದ್ದು ಬರುತ್ತಿತ್ತು. ಠಣ್... ಟಿಣ್ ಟಿಣ್. ಒಂದು ಭಾರದ ಪೆಟ್ಟು, ಎರಡು ಹಗುರ. ಅದು ಅಪ್ಪನದೇ ಲಯ! ಹೋಗಿ ನೋಡಿದರೆ ಯಾರೂ ಇಲ್ಲ. ಎರಡು ತಿಂಗಳು ಜೀವ ಕೈಯಲ್ಲಿ ಹಿಡಿದುಕೊಂಡು ಬದುಕಿ, ಕೊನೆಗೆ ಅಡೆಗಲ್ಲನ್ನು ಸಿಕ್ಕ ವ್ಯಾಪಾರಿಗೆ ಮಾರಿಬಿಟ್ಟಿದ್ದಳು. ಆಮೇಲಿನ ನಿಶ್ಶಬ್ದ ಇನ್ನೂ ಘೋರ. ಆ ಸದ್ದು ಮತ್ತೆ ಬೇಕೆಂದೇ ಇವತ್ತು ಇಲ್ಲಿಗೆ ಬಂದಿದ್ದಳು.

"ಇದು ನಿನ್ನ ಹತ್ರ ಹೇಗೆ?"

"ವ್ಯಾಪಾರಿಯಿಂದ ನಾನೇ ಬಿಡಿಸಿಕೊಂಡೆ." ಅವನು ತಲೆ ತಗ್ಗಿಸಿದ. "ಮೇಸ್ತ್ರಿ ಆಸ್ಪತ್ರೇಲಿ ಹೇಳಿದ್ರು... 'ಅವಳು ಈ ಸದ್ದಲ್ಲೇ ಬೆಳೆದವಳು. ಮನೆ ತಣ್ಣಗಾದ್ರೆ ಹೆದರ್ತಾಳೆ. ಸಂಜೆ ಒಂದ್ಸಲ ಬಡಿದು ಬಾ' ಅಂತ. ನೀವು ಮುಖ ತೋರಿಸಬೇಡ ಅಂದಿದ್ರಿ. ಅದಕ್ಕೆ ಕುಲುಮೆ ಹಿಂಬಾಗಿಲಿಂದ ಬಂದು ಬಡಿದು ಹೋಗ್ತಿದ್ದೆ..."

"ಅಯ್ಯೋ ಪೆದ್ದಾ! ನಾನು ಅಪ್ಪನ ದೆವ್ವ ಅಂದ್ಕೊಂಡೆ ಕಣೋ!"

"ನೀವು ಹೆದರಿದ್ದು ಮಾರಿದ್ಮೇಲೆ ಗೊತ್ತಾಯ್ತು. ಸರಪಳಿ ಸುತ್ತಿದ್ರೆ ದನಿ ಹೊರಡಲ್ಲ. ಯಾರು ತಟ್ಟಿದ್ರೂ ಆ ಸದ್ದು ಇನ್ನು ನಿಮ್ಮನ್ನ ಹೆದರಿಸಬಾರದು ಅಂತ..."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎರಡು ತಿಂಗಳು ತಾನು ಹೆದರಿದ್ದು ಇವನ ಪ್ರೀತಿಗಾ?

"ಅಪ್ಪ ಹೇಳಿದ್ದಕ್ಕೆ ಮಾತ್ರ ಬರ್ತಿದ್ಯಾ?"

ಅವನು ಸರಪಳಿಯ ಒಂದು ಕೊಂಡಿಯನ್ನು ಹೆಬ್ಬೆರಳಿನಿಂದ ಉಜ್ಜಿದ.

"ಮೊದಲ ದಿನ ಅದಕ್ಕೇ. ಆಮೇಲೆ... ನಿಮ್ಮ ಕಿಟಕೀಲಿ ದೀಪ ಹತ್ತೋದು ನೋಡದೆ ವಾಪಸ್ ಹೋಗೋಕೆ ಕಾಲೇ ಬರ್ತಿರಲಿಲ್ಲ."

ಅವಳು ಮಂಡಿಯೂರಿ ಕೂತು ಸರಪಳಿಯನ್ನು ತಾನೇ ಬಿಚ್ಚಿದಳು.

"ಬಡಿ."

ಠಣ್! ಅವನ ಪೆಟ್ಟಿನ ಸದ್ದು ಅಂಗಡಿಯೆಲ್ಲ ತುಂಬಿತು. ಅವಳು ಚಿಕ್ಕ ಸುತ್ತಿಗೆ ಎತ್ತಿಕೊಂಡಳು. ಟಿಣ್ ಟಿಣ್.

"ಈಗ ಎರಡನ್ನೂ ಗಾಡಿಗೆ ಹಾಕು. ನಾನು ಕಲಿಯೋಕೆ ಹಳಿ ತುಂಡು ಸಾಕು."

"ದೊಡ್ಡದು?"

"ಅದು ನಿಂದು. ನಮ್ಮ ಕುಲುಮೇಲಿ."

ಅವನ ಕಣ್ಣು ತುಂಬಿತು. "ಸಂಜೆ ಬರ್ಲಾ?"

"ಬಾ. ಆದ್ರೆ ಈ ಸಲ ಮುಂಬಾಗಿಲಿಂದ ಬಾ, ಮೌನಿ."